ಬಳ್ಳಿ, ತೊಗಟೆ, ಬೇಳೆ

2020ರ ಮಾರ್ಚ್ ಕೊನೆಗೆ, ಕೋವಿಡ್ ಇನ್ನೂ ನಮ್ಮ ಊರುಗಳಿಗೆ ಹೊಸದಾಗಿದ್ದಾಗ, ಕೇಂದ್ರದ ಆಯುಷ್ ಸಚಿವಾಲಯ ಒಂದು ಸಲಹಾಪತ್ರ ಹೊರಡಿಸಿತು. ತುಳಸಿ, ದಾಲ್ಚಿನ್ನಿ, ಕರಿಮೆಣಸು, ಒಣಶುಂಠಿ, ಒಣದ್ರಾಕ್ಷಿ ಹಾಕಿ ಕುದಿಸಿದ ಕಷಾಯ, ಅರಿಶಿನ ಬೆರೆಸಿದ ಹಾಲು, ಬೆಳಿಗ್ಗೆ 10 ಗ್ರಾಂ ಚ್ಯವನಪ್ರಾಶ ಅದರಲ್ಲಿದ್ದವು. ನಮ್ಮ ಅಜ್ಜಿಯರಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ. ನೆಗಡಿ ಬಂದಾಗ ಮೆಣಸಿನ ಕಷಾಯ ಕುಡಿಯಲು ಅವರು ಸರ್ಕಾರದ ಅಪ್ಪಣೆಗೆ ಕಾದವರಲ್ಲ. ಹೊಸದಾಗಿ ಬಂದದ್ದು, ಈ ಮದ್ದು ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ಎಂಬ ನಂಬಿಕೆ. ನೆಗಡಿಯಾದವರಿಗೆ ಕೊಡುತ್ತಿದ್ದುದನ್ನು ಆರೋಗ್ಯವಂತರೂ ಸಕ್ಕರೆ ಕಾಯಿಲೆಯವರೂ ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದವರೂ ದಿನವೂ ಕುಡಿಯತೊಡಗಿದರು. ಮಾರುಕಟ್ಟೆಯಂತೂ ಅರಿಶಿನದ ಐಸ್‌ಕ್ರೀಮನ್ನೂ ರೋಗನಿರೋಧಕ ಶಕ್ತಿಯ ಹೆಸರಿನಲ್ಲಿ ಮಾರಿತು. ಸಾಂಕ್ರಾಮಿಕ ಹೋಯಿತು, ನಂಬಿಕೆ ಉಳಿಯಿತು. ಹಾಗಾಗಿ ಸಸ್ಯಗಳಲ್ಲಿರುವ ರಾಸಾಯನಿಕಗಳು ಕುಗ್ಗಿದ ರೋಗನಿರೋಧಕ ವ್ಯವಸ್ಥೆಗೆ ನಿಜವಾಗಿ ಆಸರೆಯಾಗಬಲ್ಲವೇ ಎಂಬ ಪ್ರಶ್ನೆಯನ್ನು ಈಗ ನಿಧಾನವಾಗಿ ನೋಡಬಹುದು. ಆಗಬಲ್ಲವು ಎಂದೇ ನನ್ನ ಉತ್ತರ. ಆದರೆ ಯಾರ ದೌರ್ಬಲ್ಯ, ಯಾವ ಪದಾರ್ಥ, ಎಷ್ಟು ಪ್ರಮಾಣ ಎಂದು ಕೇಳಿದ ಕಡೆ ಮಾತ್ರ ಆಗಿವೆ. ಮತ್ತು ಹಾಗೆ ಗೆದ್ದು ಬಂದ ಪದಾರ್ಥಗಳು ಶಕ್ತಿವರ್ಧಕಗಳ ಅಂಗಡಿಯಲ್ಲಿ ಸಿಗುವಂಥವಲ್ಲ.

ಮೊದಲು ದೌರ್ಬಲ್ಯದ ಮಾತು. ರೋಗನಿರೋಧಕ ಶಕ್ತಿ ಕುಗ್ಗಿದೆ ಎಂದು ನಾವು ಹೇಳುವ ಜನರಲ್ಲಿ ಒಬ್ಬರ ಸ್ಥಿತಿ ಇನ್ನೊಬ್ಬರದನ್ನು ಹೋಲುವುದಿಲ್ಲ. ಕೀಮೋಥೆರಪಿ ಪಡೆದವರಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಮೈಕ್ರೋಲೀಟರಿಗೆ 500ಕ್ಕಿಂತ ಕೆಳಗೆ ಇಳಿಯಬಹುದು. ಆಗ ಒಂದು ಸಣ್ಣ ಜ್ವರವೂ ತುರ್ತು ಸ್ಥಿತಿಯೇ. ಎಚ್‌ಐವಿ ಸೋಂಕಿತರಲ್ಲಿ ಸಾಯುವುದು ಸಿಡಿ4 ಕೋಶಗಳು. ಅವು 200ರ ಕೆಳಗಿಳಿದರೆ ಆರೋಗ್ಯವಂತರನ್ನು ಮುಟ್ಟದ ಶಿಲೀಂಧ್ರಗಳೂ ಶ್ವಾಸಕೋಶಕ್ಕೆ ಇಳಿಯುತ್ತವೆ. ವಯಸ್ಸಾದವರಲ್ಲಿ ಕೋಶಗಳ ಸಂಖ್ಯೆಗಿಂತ ಅವುಗಳ ಚುರುಕು ಕಡಿಮೆಯಾಗಿರುತ್ತದೆ. ಅರೆಹೊಟ್ಟೆಯಲ್ಲಿ ಬದುಕುವವರಲ್ಲಿ ಕೋಶಗಳನ್ನು ಹುಟ್ಟಿಸಲು ಬೇಕಾದ ಸಾಮಗ್ರಿಯೇ ಇರುವುದಿಲ್ಲ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರ ಕಥೆ ಇವೆಲ್ಲಕ್ಕೂ ತಿರುಗುಮುರುಗು: ಹೊಸ ಅಂಗವನ್ನು ದೇಹ ಪರಕೀಯವೆಂದು ತಳ್ಳದಿರಲಿ ಎಂದು ವೈದ್ಯರು ಸೈಕ್ಲೋಸ್ಪೋರಿನ್, ಟ್ಯಾಕ್ರೊಲಿಮಸ್‌ಗಳಂಥ ಔಷಧ ಕೊಟ್ಟು ಬೇಕೆಂದೇ ಆ ಶಕ್ತಿಯನ್ನು ತಗ್ಗಿಸಿರುತ್ತಾರೆ. ಅವರಲ್ಲಿ ಅದನ್ನು ‘ಹೆಚ್ಚಿಸುವ’ ಪುಡಿ ನಿಜಕ್ಕೂ ಕೆಲಸ ಮಾಡಿದರೆ ಕಸಿ ಮಾಡಿದ ಮೂತ್ರಪಿಂಡ ಹೋಗುತ್ತದೆ. ಕೆಲಸ ಮಾಡದಿದ್ದರೆ ಅದೇ ಅದೃಷ್ಟ. ಸಂಧಿವಾತ, ಲೂಪಸ್‌ನಂಥ ಕಾಯಿಲೆಗಳಲ್ಲಿ ತೊಂದರೆ ಕೊಡುತ್ತಿರುವುದೇ ಅತಿಯಾದ ಚುರುಕು. ಜರ್ಮನಿಯಲ್ಲಿ ಗಿಡಮೂಲಿಕೆಗಳನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ‘ಕಮಿಷನ್ ಇ’ ಪಾಶ್ಚಾತ್ಯರ ನೆಚ್ಚಿನ ಎಕಿನೇಶಿಯಾವನ್ನು ಒಪ್ಪಿಕೊಂಡಾಗಲೂ ಕ್ಷಯ, ಎಚ್‌ಐವಿ ಮತ್ತು ಆಟೊಇಮ್ಯೂನ್ ಕಾಯಿಲೆ ಇರುವವರು ಅದನ್ನು ಬಳಸಬಾರದೆಂದು ಷರತ್ತು ಹಾಕಿತ್ತು. ಅಂದರೆ ಯಾರಿಗೆ ಆಸರೆ ಹೆಚ್ಚು ಬೇಕಿತ್ತೋ ಅವರಲ್ಲೇ ಹಲವರು ಪಟ್ಟಿಯಿಂದ ಹೊರಗುಳಿದರು.

ಹಾಗಾದರೆ ಪ್ರತಿ ಗಿಡದ ಹೆಸರಿನ ಮುಂದೆ ‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂಬ ಮಾತು ಬರುವುದು ಎಲ್ಲಿಂದ? ಬಹುಪಾಲು ಗಾಜಿನ ತಟ್ಟೆಯಿಂದ. ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳ ಮೇಲೆ ಸಸ್ಯದ ಸಾರ ಸುರಿದಾಗ ಅವು ಎಚ್ಚೆತ್ತು ರಾಸಾಯನಿಕ ಸಂದೇಶಗಳನ್ನು ಸ್ರವಿಸಿದರೆ ಆ ಸಸ್ಯ ಪ್ರಚೋದಕವಾಯಿತು. ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಸಂಶೋಧಕರು ಎಕಿನೇಶಿಯಾದಂಥ ಸಸ್ಯಗಳನ್ನು ಕೆದಕಿ ನೋಡಿದಾಗ ಇರಿಸುಮುರಿಸಿನ ಸಂಗತಿಯೊಂದು ಹೊರಬಂತು: ಈ ಎಚ್ಚರದ ಬಹುಪಾಲಿಗೆ ಕಾರಣ ಸಸ್ಯದ್ದೇ ಆದ ಅಣುಗಳಲ್ಲ, ಸಸ್ಯದೊಳಗೆ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾಗಳ ಹೊರಪೊರೆಯ ಚೂರುಗಳು. ಬ್ಯಾಕ್ಟೀರಿಯಾ ಕಂಡರೆ ಮ್ಯಾಕ್ರೋಫೇಜ್ ಎಚ್ಚರಗೊಳ್ಳುವುದು ಸಹಜವೇ. ಅರಿಶಿನದ ಸಮಸ್ಯೆ ಇನ್ನೊಂದು ಬಗೆಯದು. ತಟ್ಟೆಯಲ್ಲಿ ಕುರ್ಕ್ಯುಮಿನ್ ಮಾಡದ ಪವಾಡವಿಲ್ಲ. ಹೊಟ್ಟೆಗೆ ಹೋದರೆ ಮಾತ್ರ ಅದು ರಕ್ತಕ್ಕೆ ಸೇರುವುದೇ ಅಪರೂಪ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ ಬಂದ, ಇಂದಿಗೂ ಜಗತ್ತಿನೆಲ್ಲೆಡೆ ಉಲ್ಲೇಖವಾಗುವ ಅಧ್ಯಯನ ಇದನ್ನು ಅಳೆದು ತೋರಿಸಿತು. 2 ಗ್ರಾಂ ಕುರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದು ಇದ್ದೂ ಇಲ್ಲದಂತಿತ್ತು. ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕರಿಮೆಣಸಿನ ಖಾರದ ಅಂಶ, ಕೊಟ್ಟಾಗ ಲಭ್ಯತೆ ಶೇ 2000ರಷ್ಟು ಏರಿತು. ‘ಶೇ 2000’ ಎಂಬ ಅಂಕಿ ಈಗ ಎಷ್ಟೋ ಡಬ್ಬಿಗಳ ಮೇಲೆ ಅಚ್ಚಾಗಿದೆ. ಇದ್ದೂ ಇಲ್ಲದಂಥದ್ದು ಹಲವು ಪಟ್ಟಾದರೂ ಅಲ್ಪವೇ ಎಂಬುದನ್ನೂ, ಆ ಏರಿಕೆ ನುಂಗಿದ ಮೊದಲ ಒಂದು ಗಂಟೆಯೊಳಗಿನದು ಎಂಬುದನ್ನೂ ಯಾರೂ ಅಚ್ಚು ಹಾಕುವುದಿಲ್ಲ. ಏರಿಕೆಗೆ ಕಾರಣವಂತೂ ಗಮನಿಸಬೇಕಾದದ್ದು. ಪರಕೀಯ ರಾಸಾಯನಿಕಗಳನ್ನು ಹೊರಹಾಕುವ ಕರುಳು ಮತ್ತು ಯಕೃತ್ತಿನ ಕಿಣ್ವಗಳನ್ನು ಪೈಪರಿನ್ ತಡೆಯುತ್ತದೆ. ಆ ಕಿಣ್ವಗಳು ಕುರ್ಕ್ಯುಮಿನ್ ಒಂದನ್ನೇ ಹೊರಹಾಕುವವಲ್ಲ. ರೋಗಿ ನುಂಗುವ ಬೇರೆ ಮಾತ್ರೆಗಳ ಪ್ರಮಾಣವೂ ರಕ್ತದಲ್ಲಿ ಏರುಪೇರಾಗಬಹುದು. ಸಾರಿನ ಮೆಣಸಿಗೆ ಈ ಮಾತು ಸಲ್ಲದು, ಸಾರೀಕರಿಸಿದ ಕ್ಯಾಪ್ಸೂಲಿಗೆ ಸಲ್ಲುತ್ತದೆ.

ತಟ್ಟೆ ದಾಟಿ ಮನುಷ್ಯರವರೆಗೆ ಬಂದ ನಮ್ಮ ಗಿಡಗಳಲ್ಲಿ ಅಮೃತಬಳ್ಳಿಯ ದಾಖಲೆ ಕುತೂಹಲಕಾರಿ. ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶರದಿನಿ ಡಹಾಣೂಕರ್ ಮತ್ತು ಸಂಗಡಿಗರು ಅದನ್ನು ವರ್ಷಗಟ್ಟಲೆ ಗಂಭೀರವಾಗಿ ಪರೀಕ್ಷಿಸಿದರು. ಪಿತ್ತನಾಳ ಕಟ್ಟಿಕೊಂಡು ಕಾಮಾಲೆಯಾದವರು ಶಸ್ತ್ರಚಿಕಿತ್ಸೆಯ ನಂತರ ರಕ್ತದ ನಂಜಿನಿಂದ ಸಾಯುವುದು ಹೆಚ್ಚು. ಅಂಥ 30 ರೋಗಿಗಳಲ್ಲಿ ಅಮೃತಬಳ್ಳಿ ಪಡೆದ ಗುಂಪಿನಲ್ಲಿ ನಂಜೂ ಸಾವೂ ಕಡಿಮೆಯಾಗಿದ್ದವೆಂದು 1993ರಲ್ಲಿ ಅವರು ವರದಿ ಮಾಡಿದರು. ಪ್ರಶ್ನೆ ಕೇಳಿದ ರೀತಿ ಸರಿಯಾಗಿತ್ತು: ನಿರ್ದಿಷ್ಟ ರೋಗಿ, ನಿರ್ದಿಷ್ಟ ಅಪಾಯ, ನಿರ್ದಿಷ್ಟ ಅವಧಿ. ಆದರೆ 30 ಜನರ ಫಲಿತಾಂಶ ದೊಡ್ಡ ಪ್ರಯೋಗವೊಂದಕ್ಕೆ ಕರೆ ಕೊಡುತ್ತದೆಯೇ ಹೊರತು ಅದರ ಜಾಗದಲ್ಲಿ ಕೂರುವುದಿಲ್ಲ. 2008ರಲ್ಲಿ ನಾಗಪುರದಿಂದ 68 ಎಚ್‌ಐವಿ ಸೋಂಕಿತರ ಪ್ರಯೋಗವೊಂದು ಪ್ರಕಟವಾಯಿತು. ಬಳ್ಳಿಯ ಸಾರ ಪಡೆದವರಲ್ಲಿ ಶೇ 60ರಷ್ಟು ಮಂದಿಗೆ ರೋಗಲಕ್ಷಣ ತಗ್ಗಿತು, ಹುಸಿಮಾತ್ರೆ ಪಡೆದವರಲ್ಲಿ ಶೇ 20ರಷ್ಟು ಮಂದಿಗೆ. ಪ್ರಯೋಗಾಲಯದ ಅಳತೆಗಳೆಲ್ಲ ಈ ಸುಧಾರಣೆಗೆ ಸಾಕ್ಷಿ ಹೇಳುವುದಿಲ್ಲ ಎಂದೂ ಸಂಶೋಧಕರೇ ಬರೆದರು. ಪ್ರಾಮಾಣಿಕ ಮಾತು, ಬಳ್ಳಿಯ ಪರವಾಗಿ ಇಷ್ಟು ಹೇಳಬಹುದು. ಇದರಾಚೆಗೆ 2020ರಲ್ಲಿ ಆದದ್ದು ಬೇರೆಯೇ ಪ್ರಯೋಗ, ಲೆಕ್ಕ ಇಡದೆ ಇಡೀ ದೇಶದ ಮೇಲೆ ನಡೆದದ್ದು. 2021ರಲ್ಲಿ ಮುಂಬೈಯ ಯಕೃತ್ ತಜ್ಞರು ಬಳ್ಳಿಯ ಕಷಾಯ ಕುಡಿದ 6 ಜನರಲ್ಲಿ ಯಕೃತ್ತಿಗೆ ಆದ ಪೆಟ್ಟನ್ನು ದಾಖಲಿಸಿದರು. ಮರುವರ್ಷ ದೇಶದ 13 ಕೇಂದ್ರಗಳಿಂದ 43 ಪ್ರಕರಣಗಳು ವರದಿಯಾದವು. ಹಲವರಲ್ಲಿ ಕಂಡ ಚಿತ್ರ ಆಟೊಇಮ್ಯೂನ್ ಹೆಪಟೈಟಿಸ್‌ನದು, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ಸ್ವಂತ ಯಕೃತ್ತಿನ ಮೇಲೆಯೇ ತಿರುಗಿಬಿದ್ದದ್ದು. ರೋಗನಿರೋಧಕವನ್ನು ಕೆರಳಿಸುವ ಗುಣ ಬಳ್ಳಿಗೆ ಇದೆ ಎಂಬ ವಾದ ನಿಜವಾದರೆ, ಆ ಗುಣ ಯಾರಲ್ಲಿ ಹೇಗೆ ಕೆಡಬಹುದು ಎಂಬುದಕ್ಕೆ ಇದೇ ಸಾಕ್ಷಿ. ಇದನ್ನು ಅಡ್ಡಪರಿಣಾಮವೆಂದು ಬದಿಗಿಡುವಂತಿಲ್ಲ. ಪರಿಣಾಮದ ಇನ್ನೊಂದು ಮುಖವೇ ಇದು.

ಇದಕ್ಕೆ ಆಯುಷ್ ಸಚಿವಾಲಯದ ಉತ್ತರ, ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಟಿನೊಸ್ಪೊರಾ ಕ್ರಿಸ್ಪ ಎಂಬ ಸೋದರಬಳ್ಳಿಯಿಂದ ಹೀಗಾಗಿರಬಹುದು ಎಂದು. ಈ ಆಕ್ಷೇಪವನ್ನು ಹಗುರವಾಗಿ ನೋಡಬೇಕಿಲ್ಲ. ಎರಡೂ ಬಳ್ಳಿಗಳು ಹತ್ತಿರದವು, ಕ್ರಿಸ್ಪದಿಂದ ಯಕೃತ್ತಿಗೆ ಹಾನಿಯಾದದ್ದು ಬೇರೆ ದೇಶಗಳಲ್ಲೂ ವರದಿಯಾಗಿದೆ. ಆದರೆ ಅದನ್ನು ಪೂರ್ತಿ ಒಪ್ಪಿಕೊಂಡರೂ ಕಷಾಯದ ಲೋಟ ಹಿಡಿದವರಿಗೆ ಏನು ಲಾಭ? ತನ್ನ ಬೇಲಿಯ ಮೇಲೆ ಹಬ್ಬಿದ್ದು ಯಾವ ಬಳ್ಳಿ ಎಂದು ಕ್ಯಾನ್ಸರ್ ರೋಗಿಯ ಮನೆಯವರು ಹೇಳಲಾರರು, ಪುಡಿಯಾದ ಮೇಲೆ ಗ್ರಂಥಿಗೆ ಅಂಗಡಿಯವನೂ ಹೇಳಲಾರ. ಗುರುತು ಖಾತ್ರಿಯಿಲ್ಲದ ಪದಾರ್ಥವನ್ನು ಪ್ರಮಾಣ ಗೊತ್ತಿಲ್ಲದೆ ತಿಂಗಳುಗಟ್ಟಲೆ ಸೇವಿಸುವುದೇ ಇಲ್ಲಿ ದೋಷ. ಇನ್ನೊಂದು ಮಾತೂ ಕೇಳಿಬರುತ್ತದೆ: ಇಂಗ್ಲಿಷ್ ಮದ್ದು ಯಕೃತ್ತನ್ನು ಕೆಡಿಸುವುದಿಲ್ಲವೇ? ಖಂಡಿತ ಕೆಡಿಸುತ್ತದೆ. ಕ್ಷಯಕ್ಕೆ ಕೊಡುವ ಐಸೊನಿಯಾಜಿಡ್ ಇದಕ್ಕೆ ಹೆಸರುವಾಸಿ. ಆದರೆ ಆ ಹಾನಿಯ ಲಕ್ಷಣ ಯಾವುದು, ಯಾರಲ್ಲಿ ಹೆಚ್ಚು, ಎಷ್ಟು ಏರಿದಾಗ ನಿಲ್ಲಿಸಬೇಕು ಎಂಬುದು ಪಠ್ಯಪುಸ್ತಕದಲ್ಲಿದೆ. ಮಾತ್ರೆ ಬರೆದವರು ರಕ್ತಪರೀಕ್ಷೆಯನ್ನೂ ಬರೆಯುತ್ತಾರೆ. ಕಷಾಯಕ್ಕೆ ಅಂಥ ಕಾವಲು ಇಲ್ಲ. ಯಾಕೆಂದರೆ ಅದು ಮದ್ದೇ ಅಲ್ಲ, ಆಹಾರ ಎಂಬ ಭಾವನೆಯಲ್ಲಿ ಅದನ್ನು ಕುಡಿಯುತ್ತೇವೆ.

ಈ ಭಾವನೆ ಒಂದು ದೇಶದ ನೀತಿಯಾದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕದ ದಾಖಲೆ ಇದೆ. ಥಾಬೊ ಎಂಬೆಕಿ ಅಧ್ಯಕ್ಷರಾಗಿದ್ದಾಗ ಆರೋಗ್ಯ ಸಚಿವೆ ಮಾಂಟೊ ಶಬಲಾಲ-ಮ್ಸಿಮಾಂಗ್ ಎಚ್‌ಐವಿಗೆ ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆ, ‘ಆಫ್ರಿಕನ್ ಆಲೂಗಡ್ಡೆ’ ಎನ್ನುವ ಹೈಪಾಕ್ಸಿಸ್ ಗೆಡ್ಡೆಗಳನ್ನು ಎತ್ತಿಹಿಡಿದರು; 2006ರ ಟೊರಾಂಟೊ ಏಡ್ಸ್ ಸಮ್ಮೇಳನದಲ್ಲಿ ಅವರ ದೇಶದ ಮಳಿಗೆಯಲ್ಲಿ ಈ ತರಕಾರಿಗಳೇ ಪ್ರದರ್ಶನಕ್ಕಿದ್ದವು. ವೈರಸ್ ತಡೆಯುವ ಔಷಧಗಳನ್ನು ತಡಮಾಡಿದ್ದರಿಂದ 2000ದಿಂದ 2005ರ ನಡುವೆ 3.3 ಲಕ್ಷಕ್ಕೂ ಹೆಚ್ಚು ಜೀವಗಳು ಹೋದವೆಂದು ಹಾರ್ವರ್ಡ್ ಸಂಶೋಧಕರು ಆಮೇಲೆ ಅಂದಾಜು ಮಾಡಿದರು. ರಾಜಕಾರಣ ಬದಿಗಿಟ್ಟು ಸಸ್ಯಗಳನ್ನೇ ನೋಡೋಣ. ಹೈಪಾಕ್ಸಿಸ್ ಸಾರವನ್ನು ಎಚ್‌ಐವಿ ಸೋಂಕಿತರಿಗೆ ಕೊಟ್ಟ ಪ್ರಯೋಗವೊಂದನ್ನು ಅಸ್ಥಿಮಜ್ಜೆ ಕುಗ್ಗುತ್ತಿದೆಯೆಂದು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಬಿಳಿ ರಕ್ತಕಣ ಹುಟ್ಟುವ ಜಾಗವೇ ಅದು. ಬೆಳ್ಳುಳ್ಳಿಯ ಕ್ಯಾಪ್ಸೂಲುಗಳನ್ನು ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟು ನೋಡಿದ ಅಮೆರಿಕದ ಅಧ್ಯಯನದಲ್ಲಿ ಸಾಕ್ವಿನವಿರ್ ಎಂಬ ಎಚ್‌ಐವಿ ಔಷಧದ ಪ್ರಮಾಣ ರಕ್ತದಲ್ಲಿ ಅರ್ಧಕ್ಕಿಳಿಯಿತು. ಬೆಳ್ಳುಳ್ಳಿ ವಿಷವೆಂದು ಇದರ ಅರ್ಥವಲ್ಲ. ಮದ್ದಿನ ಜೊತೆಗೆ ಏನೂ ಆಗದು ಎಂದು ಸೇರಿಸಿಕೊಂಡದ್ದೇ ಮದ್ದನ್ನು ಹೊರತಳ್ಳಬಹುದು ಎಂದಷ್ಟೇ. ಮನಸ್ಸು ಹಗುರಾಗಲೆಂದು ಯುರೋಪಿನಲ್ಲಿ ಬಳಸುವ ಸೇಂಟ್ ಜಾನ್ಸ್ ವರ್ಟ್ ಸೈಕ್ಲೋಸ್ಪೋರಿನ್ ಮಟ್ಟವನ್ನು ಇಳಿಸಿ, ಹೃದಯ ಕಸಿಯಾದ ಇಬ್ಬರಲ್ಲಿ ಹೊಸ ಹೃದಯವನ್ನು ದೇಹ ತಿರಸ್ಕರಿಸುವಂತೆ ಮಾಡಿದ ವರದಿ 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು.

ಇಲ್ಲಿಗೇ ನಿಲ್ಲಿಸಿದರೆ ಸಸ್ಯಗಳಿಗೆ ಅನ್ಯಾಯವಾದೀತು. ಚಿಲಿ ದೇಶದಲ್ಲಿ ಕ್ವಿಲಾಯಾ ಎಂಬ ಮರವಿದೆ. ಅಲ್ಲಿನ ಮಾಪುಚೆ ಜನ ಅದರ ತೊಗಟೆಯನ್ನು ನೀರಿನಲ್ಲಿ ಉಜ್ಜಿ ಬಟ್ಟೆ ಒಗೆಯುತ್ತಿದ್ದರು, ನಮ್ಮಲ್ಲಿ ಅಂಟುವಾಳ ಬಳಸಿದ ಹಾಗೆ. ಎರಡರಲ್ಲೂ ನೊರೆ ಬರಿಸುವುದು ಸಪೋನಿನ್ ಎಂಬ ಒಂದೇ ಜಾತಿಯ ರಾಸಾಯನಿಕ. ಲಸಿಕೆಯ ಜೊತೆ ಸಪೋನಿನ್ ಬೆರೆಸಿದರೆ ಕುದುರೆಗಳಲ್ಲಿ ಪ್ರತಿವಿಷ ಹೆಚ್ಚು ಹುಟ್ಟುತ್ತದೆಂದು ಫ್ರೆಂಚ್ ಪಶುವೈದ್ಯ ಗಾಸ್ಟನ್ ರಮಾನ್ 1920ರ ದಶಕದಲ್ಲೇ ಕಂಡಿದ್ದರು. ಆದರೆ ಕಚ್ಚಾ ಸಪೋನಿನ್ ರಕ್ತಕಣಗಳ ಪೊರೆಯನ್ನೇ ಒಡೆಯುತ್ತದೆ, ಮನುಷ್ಯರಿಗೆ ಕೊಡುವಂತಿರಲಿಲ್ಲ. ತೊಗಟೆಯ ಸಾರವನ್ನು ಭಾಗಭಾಗವಾಗಿ ಬೇರ್ಪಡಿಸಿ, ಒಂದೊಂದನ್ನೂ ಅಳೆದು, ವಿಷ ಕಡಿಮೆ ಗುಣ ಹೆಚ್ಚು ಇರುವ 21ನೆಯ ಭಾಗವನ್ನು ಆರಿಸಿಕೊಳ್ಳಲು ದಶಕಗಳೇ ಹಿಡಿದವು. ಕ್ಯೂಎಸ್-21 ಎಂಬ ಈ ಅಣು ಸರ್ಪಸುತ್ತಿನ ಶಿಂಗ್ರಿಕ್ಸ್ ಲಸಿಕೆಯಲ್ಲಿ ಡೋಸಿಗೆ 50 ಮೈಕ್ರೋಗ್ರಾಂ ಇದೆ. ಒಂದು ಗ್ರಾಮಿನ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು! ಸೂಜಿ ಚುಚ್ಚಿದ ಜಾಗಕ್ಕೂ ಹತ್ತಿರದ ದುಗ್ಧಗ್ರಂಥಿಗೂ ಅದು ರಕ್ಷಣಾ ಕೋಶಗಳನ್ನು ಕರೆತರುತ್ತದೆ. ಲಸಿಕೆಯ ಪ್ರೋಟೀನನ್ನು ಅವು ಗುರುತಿಟ್ಟುಕೊಳ್ಳುತ್ತವೆ. ಅಂದರೆ ಇಡೀ ವ್ಯವಸ್ಥೆಯನ್ನು ಅದು ‘ಹೆಚ್ಚಿಸುವುದಿಲ್ಲ’. ಒಂದು ವೈರಸ್ಸಿನ ವಿರುದ್ಧ, ಒಂದು ಜಾಗದಲ್ಲಿ, ಕೆಲವು ದಿನಗಳ ಮಟ್ಟಿಗೆ ಅದನ್ನು ತರಬೇತಿಗೆ ಎಬ್ಬಿಸುತ್ತದೆ. ಇದು ನಿಜವಾಗಿ ದುರ್ಬಲರಿಗೆ ದಕ್ಕಿತೇ? ತಮ್ಮದೇ ಆಕರಕೋಶಗಳ ಕಸಿ ಮಾಡಿಸಿಕೊಂಡ, ಅಂದರೆ ರಕ್ಷಣಾ ವ್ಯವಸ್ಥೆ ನೆಲಕಚ್ಚಿ ಮತ್ತೆ ಏಳುತ್ತಿದ್ದ 1,846 ಮಂದಿಯ ಪ್ರಯೋಗದಲ್ಲಿ ಸರ್ಪಸುತ್ತನ್ನು ಈ ಲಸಿಕೆ ಶೇ 68ರಷ್ಟು ತಡೆಯಿತು. ಅಂಥವರಿಗೆ ಹಳೆಯ ಜೀವಂತ ಲಸಿಕೆ ಕೊಡುವಂತೆಯೇ ಇರಲಿಲ್ಲ. ಇದೇ ಮರದ ಸಪೋನಿನ್‌ಗಳಿಂದ ತಯಾರಾದ ಮ್ಯಾಟ್ರಿಕ್ಸ್-ಎಂ ಎಂಬ ಮಿಶ್ರಣ, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್21 ಮಲೇರಿಯಾ ಲಸಿಕೆಯಲ್ಲಿದೆ. ಆಫ್ರಿಕದ ಮಕ್ಕಳಿಗೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅದನ್ನು ಶಿಫಾರಸು ಮಾಡಿತು. ರೋಗನಿರೋಧಕಕ್ಕೆ ಆಸರೆಯಾದ ಸಸ್ಯದ ಅಣು ಯಾವುದೆಂದು ಕೇಳಿದರೆ ನಾನು ಮೊದಲು ಹೇಳುವ ಹೆಸರು ಇದೇ.

ಒಂದು ಅಣುವನ್ನು ಹೆಕ್ಕಿ ತೆಗೆಯುವುದರಲ್ಲಿ ಸಸ್ಯದ ಸಮಗ್ರತೆ ಹಾಳಾಗುವುದಿಲ್ಲವೇ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಕೆಲವೆಡೆ ಘಟಕಗಳು ಒಂದಕ್ಕೊಂದು ನೆರವಾಗುವುದುಂಟು. ಮೆಣಸು ಅರಿಶಿನಕ್ಕೆ ನೆರವಾದದ್ದನ್ನು ಮೇಲೆ ಕಂಡೆವು. ಆದರೆ ಸಮಗ್ರವೆಂಬ ಕಾರಣಕ್ಕೇ ಇಡೀ ಸಸ್ಯ ಮೇಲೆನ್ನಲು ಆಧಾರವಿಲ್ಲ. ತು ಯೂಯೂ ಅವರಿಗೆ 2015ರ ನೊಬೆಲ್ ತಂದುಕೊಟ್ಟ ಆರ್ಟೆಮಿಸಿನಿನ್ ಮಲೇರಿಯಾವನ್ನು ಗುಣಪಡಿಸುತ್ತದೆ. ಅದೇ ಗಿಡದ ಎಲೆಯ ಚಹಾವನ್ನು ವಿಶ್ವ ಆರೋಗ್ಯ ಸಂಸ್ಥೆ ಬೇಡವೆನ್ನುತ್ತದೆ. ಚಹಾದಲ್ಲಿ ಔಷಧದ ಅಂಶ ಅಲ್ಪ, ಬಟ್ಟಲಿನಿಂದ ಬಟ್ಟಲಿಗೆ ಬೇರೆ ಬೇರೆ. ಆ ಅಲ್ಪ ಪ್ರಮಾಣ ಪರಾವಲಂಬಿಗೆ ಔಷಧವನ್ನು ಎದುರಿಸುವ ಅಭ್ಯಾಸ ಮಾಡಿಸೀತು ಎಂಬ ಭಯ. ಸಾವಿರಾರು ವರ್ಷಗಳ ಬಳಕೆಯೇ ಪುರಾವೆಯಲ್ಲವೇ ಎಂಬ ಇನ್ನೊಂದು ಆಕ್ಷೇಪಕ್ಕೆ ನನಗೆ ಗೌರವವಿದೆ, ಆದರೆ ಅದು ಇಂದಿನ ಬಳಕೆಯನ್ನು ಸಮರ್ಥಿಸುವುದಿಲ್ಲ. ಆಯುರ್ವೇದದ ರಸಾಯನ ಚಿಕಿತ್ಸೆ ರೋಗಿಯ ಪ್ರಕೃತಿ, ಅಗ್ನಿ, ವಯಸ್ಸು, ಋತು ನೋಡಿ, ಶೋಧನ ಮಾಡಿಸಿ, ವೈದ್ಯನ ಕಣ್ಣೆದುರು ಕೊಡುವಂಥದ್ದು. ಎಲ್ಲರಿಗೂ 500 ಮಿಲಿಗ್ರಾಂ ಎನ್ನುವ ಡಬ್ಬಿ ಆ ಪರಂಪರೆಯನ್ನೇ ಮುರಿದಿದೆ. ಮೇಲಾಗಿ ಟ್ಯಾಕ್ರೊಲಿಮಸ್ ನುಂಗುವ ರೋಗಿಯನ್ನು ಯಾವ ಪ್ರಾಚೀನ ವೈದ್ಯನೂ ಕಂಡಿರಲಿಲ್ಲ.

ಗಿಡಗಳಿಗೆ ಪೇಟೆಂಟ್ ಸಿಗದು, ಆದ್ದರಿಂದ ಯಾವ ಕಂಪನಿಯೂ ಪರೀಕ್ಷೆಗೆ ಹಣ ಹಾಕುವುದಿಲ್ಲ ಎಂಬುದು ಮೂರನೆಯ ತಕರಾರು. ಇದರಲ್ಲಿ ಹುರುಳಿದೆ. ಆದರೆ ದಾರಿ ಮುಚ್ಚಿಲ್ಲ. ಹಿಪ್ಪಲಿ, ಕರಿಮೆಣಸುಗಳ ಪೈಪರಿನ್ ಬೇರೆ ಔಷಧಗಳ ಮಟ್ಟ ಏರಿಸುತ್ತದೆ ಎಂಬ ತೊಡಕನ್ನೇ ಜಮ್ಮುವಿನ ಸರ್ಕಾರಿ ಪ್ರಯೋಗಾಲಯದವರು ಉಪಯೋಗಕ್ಕೆ ತಿರುಗಿಸಿದರು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅನ್ನು 450ರಿಂದ 200 ಮಿಲಿಗ್ರಾಮಿಗೆ ಇಳಿಸಿ, ಜೊತೆಗೆ 10 ಮಿಲಿಗ್ರಾಂ ಪೈಪರಿನ್ ಸೇರಿಸಿದ ಮಾತ್ರೆ ಖಾಸಗಿ ಕಂಪನಿಯೊಂದರ ಜೊತೆಗೂಡಿ ಮಾರುಕಟ್ಟೆಗೂ ಬಂತು. ಇದೇ ಪರಸ್ಪರ ಕ್ರಿಯೆ ಮನೆಯ ಕ್ಯಾಪ್ಸೂಲಿನಲ್ಲಿ ಅಪಾಯ, ಅಳತೆಯ ಮಾತ್ರೆಯಲ್ಲಿ ಉಪಾಯ.

ಕ್ಷಯದ ಮಾತು ಬಂದದ್ದರಿಂದ, ನಮ್ಮ ದೇಶದ ಅತಿ ದೊಡ್ಡ ದೌರ್ಬಲ್ಯಕ್ಕೆ ಬರಬೇಕು. ಭಾರತದಲ್ಲಿ ರೋಗನಿರೋಧಕ ಕುಗ್ಗಿದವರಲ್ಲಿ ಕೀಮೋಥೆರಪಿಯವರು, ಕಸಿಯವರು ಸಣ್ಣ ಪಾಲು. ಅರೆಹೊಟ್ಟೆಯವರದು ದೊಡ್ಡ ಪಾಲು. ಊಟ ಸಾಲದಾಗ ಎದೆಯೊಳಗಿನ ಥೈಮಸ್ ಗ್ರಂಥಿ ಕುಗ್ಗುತ್ತದೆ, ಟಿ ಕೋಶಗಳು ಪಕ್ವವಾಗುವುದು ಅಲ್ಲೇ. ಪ್ರತಿಕಾಯಗಳೂ ಪ್ರೋಟೀನುಗಳೇ ಆದ್ದರಿಂದ ಅವನ್ನು ಕಟ್ಟಲು ಸಾಮಗ್ರಿ ಇರುವುದಿಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು 2019ರಿಂದ 2022ರವರೆಗೆ ಜಾರ್ಖಂಡ್‌ನಲ್ಲಿ ‘ರೇಷನ್ಸ್’ ಪ್ರಯೋಗ ನಡೆಸಿದರು. 2,800 ಕ್ಷಯರೋಗಿಗಳ ಮನೆಯ 10,345 ಮಂದಿ ಅದರಲ್ಲಿದ್ದರು. ರೋಗಿಗಳಿಗೆಲ್ಲ ಆಹಾರದ ಚೀಲ ಸಿಕ್ಕಿತು. ಅರ್ಧ ಭಾಗದ ಮನೆಗಳಲ್ಲಿ ಉಳಿದ ಸದಸ್ಯರಿಗೂ ತಲಾ ತಿಂಗಳಿಗೆ 5 ಕಿಲೊ ಅಕ್ಕಿ, 1.5 ಕಿಲೊ ತೊಗರಿಬೇಳೆ, ಜೊತೆಗೆ ವಿಟಮಿನ್-ಖನಿಜದ ಮಾತ್ರೆ. ಈ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಇಳಿಯಿತು. ಅಂಟುವ ಬಗೆಯ ಶ್ವಾಸಕೋಶದ ಕ್ಷಯ ಶೇ 48ರಷ್ಟು. ರೋಗಿಗಳಲ್ಲಿಯೂ ಮೊದಲ ಎರಡು ತಿಂಗಳಲ್ಲಿ ತೂಕ ಶೇ 5 ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಕಂಡಿತು.

ಇದು ಊಟ, ಸಸ್ಯದ ಔಷಧೀಯ ಅಂಶವಲ್ಲ ಎಂದು ಯಾರಾದರೂ ಹೇಳಬಹುದು. ಬೇಳೆಯ ಪ್ರೋಟೀನ್ ಸಸ್ಯದ್ದೇ, ಗುರಿ ಕುಗ್ಗಿದ ರೋಗನಿರೋಧಕವೇ, ಪ್ರಮಾಣ ನಿಗದಿಯಾಗಿದೆ, ಹೋಲಿಕೆಗೆ ಇನ್ನೊಂದು ಗುಂಪಿದೆ, ಎಣಿಸಿದ್ದು ರಕ್ತದ ಯಾವುದೋ ಸೂಚಕವನ್ನಲ್ಲ, ರೋಗವನ್ನೇ. ಅಮೃತಬಳ್ಳಿಯಿಂದ ನಾವು ಕೇಳುತ್ತಿದ್ದ ಪುರಾವೆ ಇದೇ ಅಲ್ಲವೇ? ಚೀಲದಲ್ಲಿ ಕೆಲಸ ಮಾಡಿದ್ದು ಬೇಳೆಯೋ, ಅಕ್ಕಿಯ ಕ್ಯಾಲೊರಿಯೋ, ವಿಟಮಿನ್ ಮಾತ್ರೆಯೋ ಎಂಬುದನ್ನು ಈ ಪ್ರಯೋಗ ಬಿಡಿಸಿ ಹೇಳುವುದಿಲ್ಲ. ಆ ಮಿತಿಯನ್ನು ಒಪ್ಪಬೇಕು. ಬಹುಪಾಲು ಬುಡಕಟ್ಟು ಜನ, ತೀವ್ರ ಅಪೌಷ್ಟಿಕತೆ ಇದ್ದ ಕಡೆಯ ಫಲಿತಾಂಶವನ್ನು ಬೆಂಗಳೂರಿನ ಹೊಟ್ಟೆತುಂಬ ಉಂಡವರಿಗೆ ಅನ್ವಯಿಸುವಂತೆಯೂ ಇಲ್ಲ. ಅವರು ಬೇಳೆ ಹೆಚ್ಚು ತಿಂದರೆ ಕ್ಷಯ ತಡೆಯುವುದಿಲ್ಲ. ನೀತಿಯ ಮಟ್ಟದಲ್ಲಿ ಇದು ತಕ್ಕಮಟ್ಟಿಗೆ ನಾಟಿದೆ. ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರ್ಕಾರ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿ 2024ರ ನವೆಂಬರಿನಿಂದ 1,000 ಆಗಿದೆ, ರೋಗಿಯ ಮನೆಯವರಿಗೂ ಆಹಾರದ ಚೀಲ ಕೊಡುವ ತೀರ್ಮಾನವಾಗಿದೆ. ಆದರೆ ರೋಗಿಯ ಖಾತೆಗೆ ಬರುವ ಹಣ ಸರ್ಕಾರದ್ದು. ಮನೆಯವರ ಚೀಲ ‘ನಿ-ಕ್ಷಯ ಮಿತ್ರ’ರೆಂದು ಹೆಸರು ಬರೆಸಿದ ದಾನಿಗಳನ್ನು ನೆಚ್ಚಿಕೊಂಡಿದೆ.